ಅಕ್ಕನ ನಗುವಿಗೊಂದು ಕ್ಯಾಮೆರಾ

ನಮ್ಮ ಬೀರುವಿನ ಬೀಗದಕೈಗೆ ಒಂದು ಕಪ್ಪು ದಾರವಿದೆ. ಮುಂಗೈಗೆ ತೊಡಿಸಿಕೊಳ್ಳುವ ಅಳತೆಯ, ಒಂದು ತುದಿಯಲ್ಲಿ ಸಣ್ಣ ಕುಣಿಕೆ ಇರುವ ಹೆಣಿಗೆ ದಾರ. ಮೊನ್ನೆ ಪಕ್ಕದ ಮನೆಯಾಕೆ ಅದನ್ನು ಎಳೆದೆಳೆದು ನೋಡಿ, "ಇದು ಯಾವ ಪ್ಯಾಂಟಿನ ದಾರ್ರಿ? ನಾವು ಇಂಥಾದ್ದು ಹಾಕೇ ಇಲ್ಲಲ್ಲ" ಎಂದಳು. ರಾಯದುರ್ಗದಲ್ಲಿ ಯಾವ ದಾರ ಕಂಡರೂ ಅದು ಯಾವ ಪ್ಯಾಂಟಿನದೆಂದೇ ಜನ ಮೊದಲು ಯೋಚಿಸುವುದು. ಊರಿಗೆ ಊರೇ ಜೀನ್ಸ್ ಹೊಲಿದು ಉಂಡ ಮೇಲೆ ಇನ್ನೇನಾಗುತ್ತದೆ ಹೇಳಿ.

"ಪ್ಯಾಂಟಿಂದಲ್ರಿ, ಕ್ಯಾಮೆರಾದ್ದು" ಎಂದೆ. ಆಕೆ ಹೋದ ಮೇಲೂ ನಾನು ಆ ದಾರವನ್ನು ಬೆರಳಿಗೆ ಸುತ್ತಿಕೊಂಡು ಕೂತೇ ಇದ್ದೆ. ಹಾಲು ಉಕ್ಕಿತು. ಹಾಲು ಉಕ್ಕುವುದು ನಮ್ಮ ಮನೆಯಲ್ಲಿ ಹೊಸದೇನಲ್ಲ. ಹಿಂದಿನದು ನೆನಪಾದರೆ ನನಗೆ ಮೂಗೂ ಕೆಲಸ ಮಾಡುವುದಿಲ್ಲ.

ಫೋನುಗಳಿಗೆ ಇನ್ನೂ ಸರಿಯಾಗಿ ಕಣ್ಣು ಬಂದಿರದ ಕಾಲ ಅದು. ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಎರಡು ಹೊಲಿಗೆ ಮಿಷನ್ನುಗಳಿದ್ದವು. ಒಂದರ ಮುಂದೆ ನಾನು, ಇನ್ನೊಂದರ ಮುಂದೆ ನಮ್ಮ ಯಜಮಾನರು ಯರ್ರಿಸ್ವಾಮಿ. ನನ್ನದು ಜೇಬು, ಅವರದು ಜಿಪ್ಪು. ವರ್ಷಗಟ್ಟಲೆ ಹೊಲಿದರೂ ಇಬ್ಬರೂ ಸೇರಿ ಒಂದು ಇಡೀ ಪ್ಯಾಂಟನ್ನು ಮಾಡಿದವರಲ್ಲ. ಕಾಲುಗಳು ಬೇರೆ ಯಾರದೋ ಮನೆಯಲ್ಲಿ, ಸೊಂಟ ಇನ್ಯಾರದೋ ಮನೆಯಲ್ಲಿ ಆಗುತ್ತಿದ್ದವು. ಸೀನಿದರೆ ಮೂಗಿನಿಂದ ನೀಲಿ ನೂಲು ಬರುತ್ತಿತ್ತು. ಬೆಳಗಿನಿಂದ ಸಂಜೆಯವರೆಗೆ ನನ್ನ ನೋಟ ಸೂಜಿಯಿಂದ ಹೊರಟು ಗೋಡೆಯವರೆಗೆ ಹೋಗಿ ವಾಪಸು ಬರುತ್ತಿತ್ತು. ಅದಕ್ಕಿಂತ ದೂರ ನೋಡುವ ಕೆಲಸವೇ ಇರಲಿಲ್ಲ.

ದೂರ ನೋಡುವುದು ನಾನು ಹುಟ್ಟಿದೂರಿನ ಕೆಲಸ. ನನ್ನ ತವರು ಮಡಕಶಿರಾ ಸೀಮೆಯಲ್ಲಿ, ರತ್ನಗಿರಿಯ ಬೆಟ್ಟದ ಕೋಟೆ ಕಾಣುವ ಒಂದು ಹಳ್ಳಿ. ಮನೆಯ ಹಿಂದೆಯೇ ಒಂದು ಹಾಸುಬಂಡೆ ಏರಿಕೊಂಡು ಹೋಗುತ್ತದೆ. ಅಪ್ಪ ಅವ್ವ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋಗಿದ್ದ ವರ್ಷಗಳಲ್ಲಿ ನನ್ನನ್ನು ಸಾಕಿದವಳು ನಮ್ಮಕ್ಕ, ಓಬಕ್ಕ. ಆಗ ಅವಳೂ ಇನ್ನೂ ಲಂಗ ಉಡುವ ಹುಡುಗಿ. ಸಂಜೆಯಾದರೆ ನನ್ನನ್ನು ಸೊಂಟಕ್ಕೆ ಹತ್ತಿಸಿಕೊಂಡು ಬಂಡೆ ಏರುತ್ತಿದ್ದಳು. ಕೆಳಗೆ ರಾಗಿ ಹೊಲ, ಆಚೆಗೆ ಹಿಪ್ಪುನೇರಳೆ ತೋಟ, ಅದರಾಚೆ ರಸ್ತೆ. ರಸ್ತೆಯ ಮೇಲೆ ಧೂಳು ಎದ್ದರೆ ಬಸ್ಸು ಬಂತೆಂದು ಅರ್ಥ. ಧೂಳು ಇಳಿಯುವವರೆಗೆ ಇಬ್ಬರೂ ಉಸಿರು ಹಿಡಿದು ಕಾಯುತ್ತಿದ್ದೆವು, ಇಳಿದವರು ಅಪ್ಪ ಅವ್ವನಾ ಎಂದು. ಬರುವವರನ್ನು ಅಕ್ಕ ಮುಖದಿಂದಲ್ಲ, ನಡಿಗೆಯಿಂದ ಗುರುತಿಸುತ್ತಿದ್ದಳು. "ಅದು ಕುಂಟ್ಕೊಂಡು ಬರ್ತಾ ಐತಲ್ಲ, ಕಾಯಿ ಯಾಪಾರದೋನು. ಅವ್ವ ಅಲ್ಲ ಕಣೇ, ನಾಳೀಕೆ ಬತ್ತಾಳೆ" ಎಂದು ನಗುತ್ತಿದ್ದಳು.

ಆ ನಗುವಿನ ವಿಷಯ ಹೇಳಬೇಕು. ನಮ್ಮಕ್ಕನ ಮೇಲಿನ ಹಲ್ಲುಗಳು ಸ್ವಲ್ಪ ಮುಂದಕ್ಕೆ. ಅವಳು ನಕ್ಕರೆ ಮುಖದಲ್ಲಿ ಮೊದಲು ಹಲ್ಲು ಬರುತ್ತವೆ, ಆಮೇಲೆ ಉಳಿದದ್ದೆಲ್ಲ. ನನ್ನ ಬಾಲ್ಯದ ಸಂಜೆಗಳಲ್ಲಿ ನನಗೆ ನೆನಪಿರುವ ಬೆಳಕು ಅದೇ. ಎಲ್ಲರ ಅಕ್ಕಂದಿರೂ ಹಾಗೇ ನಗುತ್ತಾರೆಂದು ಎಷ್ಟೋ ವರ್ಷ ತಿಳಿದಿದ್ದೆ.

ನನ್ನ ಮದುವೆಯಲ್ಲಿ ಫೋಟೋದವನು ಬಂದಿದ್ದ. ಮಂಟಪದ ಮುಂದೆ ಮನೆಯವರನ್ನೆಲ್ಲ ಸಾಲಾಗಿ ನಿಲ್ಲಿಸಿದ. ಅಕ್ಕ ನನ್ನ ಪಕ್ಕದಲ್ಲಿ ಹೊಸ ಸೀರೆಯಲ್ಲಿ ಮುಖವೆಲ್ಲ ನಗುವಾಗಿ ನಿಂತಿದ್ದಳು. ಅವನು ಕ್ಯಾಮೆರಾ ಇಳಿಸಿ, "ಆ ಯಮ್ಮ, ಹಳದಿ ಸೀರೆ, ಬಾಯಿ ಮುಚ್ಕೋಮ್ಮ. ಫೋಟೋ ಕೆಡ್ತೈತೆ" ಎಂದ. ಹಿಂದೆ ಯಾರೋ ಕಿಸಕ್ಕೆಂದರು. ಅಕ್ಕ ಬಾಯಿ ಮುಚ್ಚಿದಳು. ಆಮೇಲೆ ಒಲೆಯ ಮೇಲೆ ಅನ್ನ ಇದೆ ಎಂದು ಸಾಲಿನಿಂದ ಹೊರಟುಹೋದಳು. ಒಲೆಯ ಮೇಲೆ ಏನೂ ಇರಲಿಲ್ಲ. ಅವತ್ತಿನಿಂದ ಅವಳು ಯಾವ ಕ್ಯಾಮೆರಾದ ಮುಂದೆಯೂ ನಿಲ್ಲಲಿಲ್ಲ. ನಗುವಾಗ ಸೆರಗು ಬಾಯಿಗೆ ಬರತೊಡಗಿತು. ನನ್ನ ಮದುವೆಯ ಆಲ್ಬಮ್ಮು ತೆಗೆದರೆ, ಹೆಸರೂ ಗೊತ್ತಿಲ್ಲದ ನೆಂಟರೆಲ್ಲ ಹಲ್ಲು ಕಿರಿದು ನಿಂತಿದ್ದಾರೆ. ನನ್ನನ್ನು ಸಾಕಿದವಳು ಮಾತ್ರ ಇಲ್ಲ.

ಹೀಗಿರುವಾಗ ಒಂದು ದಿನ ನಮ್ಮ ಬೀದಿಯ ಒಬ್ಬರ ಮನೆಗೆ ಬಂದಿದ್ದ ನೆಂಟ ನಮ್ಮ ಮಾಳಿಗೆ ಹತ್ತಿ, ರಾಯದುರ್ಗದ ಬೆಟ್ಟದ ಮೇಲಿದ್ದ ಮಂಗನ ಫೋಟೋ ತೆಗೆದ. ನಮ್ಮ ಕಣ್ಣಿಗೆ ಆ ಮಂಗ ಕಡಲೆಬೀಜದಷ್ಟೂ ಕಾಣುತ್ತಿರಲಿಲ್ಲ. ಅವನ ಕ್ಯಾಮೆರಾದ ಪರದೆಯಲ್ಲಿ ಅದು ಆಕಳಿಸುತ್ತಾ ಕೂತಿತ್ತು, ಅದರ ಹಲ್ಲುಗಳನ್ನು ಎಣಿಸಬಹುದಿತ್ತು. "ಅದಕ್ಕ ಗೊತ್ತಾತೇನು, ನೀವು ತೆಗದಿದ್ದು?" ಎಂದು ಕೇಳಿದೆ. "ಎಲ್ಲಿ ಗೊತ್ತಾಗ್ತೈತ್ರಿ? ಅಷ್ಟು ದೂರ!" ಎಂದ. ಮಂಗನ ಹಲ್ಲು ನೋಡಿ ನನಗೆ ನಮ್ಮಕ್ಕ ನೆನಪಾದಳು ಎಂದರೆ ದಯವಿಟ್ಟು ತಪ್ಪು ತಿಳಿಯಬೇಡಿ. ನೆನಪಾದದ್ದಂತೂ ನಿಜ.

ಅವತ್ತಿನಿಂದ ನನ್ನದು ಒಂದೇ ಜಪ, ದೂರದ್ದನ್ನು ಹತ್ತಿರ ತರುವ ಕ್ಯಾಮೆರಾ ಬೇಕು, ಅದು ನಮ್ಮ ಕೈಗೆ ಎಟಕುವಂತಿರಬೇಕು. ಯಜಮಾನರು ಬೇಡವೆನ್ನಲಿಲ್ಲ. ಅವರಿಗೂ ಒಳಗೊಳಗೇ ಆಸೆ. ದೀಪಾವಳಿಯ ಹೊತ್ತಿಗೆ ಕೆಲಸ ಜೋರಾಗಿತ್ತು. ಅದು ಮುಗಿದ ಮೇಲೆ, ಹೊಲಿದ ಮಾಲು ಕೊಡಲು ಬಳ್ಳಾರಿಗೆ ಹೋಗುವ ದಿನ ನಾನೂ ಬಸ್ಸು ಹತ್ತಿದೆ.

ಅಂಗಡಿಯವನು ಗಾಜಿನ ಮೇಲೆ ಒಂದು ಕೆಂಪು ಕ್ಯಾಮೆರಾ ಇಟ್ಟ. ತೆಳ್ಳಗೆ, ಬಿಸ್ಕತ್ತಿನ ಹಾಗಿತ್ತು. "ಹೊಸಾ ಪೀಸು ನೋಡ್ರಿ. ಅಂಗಿ ಜೇಬಿನ್ಯಾಗ ಕುಂದರ್ತೈತಿ. ಮೊದ್ಲು ಇದರ ಮೆಗಾಪಿಕ್ಸೆಲ್ ಕೇಳ್ರಿ."

ಯಜಮಾನರು ಅದನ್ನು ಆಗಲೇ ಅಂಗಿ ಜೇಬಿಗೆ ಇಳಿಸಿ, ಎದೆ ಉಬ್ಬಿಸಿ ಕನ್ನಡಿಯಲ್ಲಿ ನೋಡಿಕೊಳ್ಳುತ್ತಿದ್ದರು. ನಾನು ಕೇಳಿದೆ, "ಅದಿರ್ಲಿ. ಇದು ಎಷ್ಟು ದೂರ ನೋಡ್ತೈತಿ?"

"ದೂರದ್ದು ಏನು ತೆಗೀಬೇಕ್ರಿ ಅಮ್ಮಾರ? ಹಕ್ಕಿನಾ?"

"ನಮ್ಮಕ್ಕನ್ನ."

ಅವನಿಗೆ ನಗು ಬಂತು. "ಅಕ್ಕನ್ನ ತೆಗಿಯಾಕ ದೂರ ಯಾಕ್ರಿ? ಎದುರಿಗೆ ನಿಂದ್ರಿಸಿ ತೆಗೀರಿ."

"ಎದುರಿಗೆ ನಿಂತ್ರ ಆಕಿ ನಿಂದ್ರಂಗಿಲ್ರಿ" ಎಂದು ಯಜಮಾನರು ಕೆಂಪು ಕ್ಯಾಮೆರಾವನ್ನು ಜೇಬಿನಿಂದ ತೆಗೆಯದೆಯೇ ಹೇಳಿದರು.

ಆಮೇಲೆ ಅವನು ಒಂದು ದೊಡ್ಡ ಕಪ್ಪು ಕ್ಯಾಮೆರಾ ತಂದ. ಅದರ ಮೂತಿ ನೋಡಿದರೆ ಮಡಕಶಿರಾದಿಂದ ಹಿಂದೂಪುರ ಕಾಣಬೇಕು. ಬೆಲೆ ಕೇಳಿದ್ದೇ ಯಜಮಾನರು ಅದನ್ನು ಮೆಲ್ಲಗೆ, ನಿದ್ದೆ ಹೋದ ಕೂಸನ್ನು ಮಲಗಿಸುವ ಹಾಗೆ, ಗಾಜಿನ ಮೇಲೆ ಮಲಗಿಸಿದರು. ಇನ್ನೊಂದರ ಡಬ್ಬಿಯ ಮೇಲೆ ಜೂಮು ಬಹಳ ದೊಡ್ಡದೆಂದು ಬರೆದಿತ್ತು, ಬೆಲೆಯೂ ಕಡಿಮೆ. ನನ್ನ ಕಣ್ಣು ಅದರ ಮೇಲೆ ನಿಂತದ್ದನ್ನು ಕಂಡು ಅಂಗಡಿಯವನೇ ತಡೆದ. "ಡಬ್ಬಿ ಮ್ಯಾಲಿಂದು ಪೂರಾ ನಂಬಬ್ಯಾಡ್ರಿ. ಗಾಜು ಮುಂದ ಬಂದು ತೋರಿಸೋ ಜೂಮು ಬ್ಯಾರೆ. ಒಳಗ ಚಿತ್ರ ಹಿಗ್ಗಿಸಿ ತೋರಿಸೋ ಜೂಮು ಬ್ಯಾರೆ. ಇದ್ರಾಗ ಹಿಗ್ಗಿಸಿದ್ದೇ ಜಾಸ್ತಿ."

ಇದು ನನಗೆ ತಕ್ಷಣ ತಿಳಿಯಿತು. ಬಟ್ಟೆ ಸಾಲದಿದ್ದರೆ ತುಂಡು ಕೂಡಿಸಿ ಅಗಲ ಮಾಡಬಹುದು, ಇಲ್ಲವೇ ಇದ್ದುದನ್ನೇ ಜಗ್ಗಿ ಅಗಲ ಮಾಡಬಹುದು. ಜಗ್ಗಿದ ಬಟ್ಟೆ ಮೊಣಕಾಲಿನಲ್ಲಿ ಮೊದಲು ಹರಿಯುತ್ತದೆ. "ಗಾಜಿಂದೇ ಕೊಡ್ರಿ" ಎಂದೆ.

ಕೊನೆಗೆ ಸಿಕ್ಕಿದ್ದು ಬೂದು ಬಣ್ಣದ, ಸೋಪಿನ ಡಬ್ಬಿಯಷ್ಟು ದಪ್ಪದ ಒಂದು ಕ್ಯಾಮೆರಾ. ಮಾಡೆಲ್ಲು ಹಳೆಯದಾಯಿತೆಂದು ಬೆಲೆ ಇಳಿಸಿದ್ದರಂತೆ. ಗುಂಡಿ ಒತ್ತಿದರೆ ಆಮೆ ಕತ್ತು ಚಾಚಿದ ಹಾಗೆ ಗಾಜಿನ ಕೊಳವೆ ಮುಂದೆ ಮುಂದೆ ಬರುತ್ತಿತ್ತು. ಹಳ್ಳಿಯ ಅಂಗಡಿಯಲ್ಲೂ ಸಿಗುವ ಸಾದಾ ಸೆಲ್ಲು ಸಾಕಿತ್ತು. ಯಜಮಾನರು ಅದನ್ನು ಅಂಗಿ ಜೇಬಿಗೆ ಹಾಕಿ ನೋಡಿದರು. ಜೇಬು ಜೋತುಬಿತ್ತು. "ಕಲ್ಲು ಇಟ್ಕೊಂಡಂಗ ಆಗ್ತೈತಲ್ಲ" ಎಂದು ನಿಟ್ಟುಸಿರಿಟ್ಟು, ಕೆಂಪನ್ನು ವಾಪಸು ಕೊಟ್ಟರು.

ಪರೀಕ್ಷೆ ಮಾಡಲೆಂದು ಅಂಗಡಿಯ ಬಾಗಿಲಿಗೆ ಬಂದು ನಿಂತೆ. ಬೀದಿಯ ಆಚೆ, ಎಷ್ಟೋ ಮನೆಗಳ ಹಿಂದಿನ ಒಂದು ಮಾಳಿಗೆಯ ಮೇಲೆ ಯಾರೋ ಇದ್ದರು. ಒತ್ತಿದೆ. ಮಾಳಿಗೆ ತೇಲಿಕೊಂಡು ಬಂತು. ಒಬ್ಬ ಹೆಂಗಸು ಮೊರದಲ್ಲಿ ಅಕ್ಕಿ ಹಸನು ಮಾಡುತ್ತಾ ಏನೋ ಹಾಡಿಕೊಳ್ಳುತ್ತಿದ್ದಳು. ತುಟಿ ಅಲ್ಲಾಡುವುದು ಕಾಣುತ್ತಿತ್ತು, ಹಾಡು ಕೇಳಿಸುತ್ತಿರಲಿಲ್ಲ. ನನ್ನ ಕಿವಿಯಲ್ಲಿ ಇಡೀ ಬಳ್ಳಾರಿಯ ಗದ್ದಲ, ನನ್ನ ಅಂಗೈಯಲ್ಲಿ ಮಾತಿಲ್ಲದ ಒಂದು ಮುಖ. ಕನಸಿನಲ್ಲಿ ಜನ ಹೀಗೇ ಬರುತ್ತಾರೆ, ಹತ್ತಿರ ಇರುತ್ತಾರೆ, ಸದ್ದಿರುವುದಿಲ್ಲ. ಎಷ್ಟು ಹೊತ್ತು ನಿಂತೆನೋ, "ಬಿಲ್ ಹಾಕ್ಲೇನ್ರಿ?" ಎಂದು ಅಂಗಡಿಯವನು ಕೂಗಿದಾಗ ಬೆಚ್ಚಿಬಿದ್ದೆ.

ಸಂಕ್ರಾಂತಿ ಕಳೆದ ಮೇಲೆ ನನ್ನ ತವರಿಗೆ ಹೋದೆವು. ಆ ಮನೆಯಲ್ಲಿ ಆಗ ಇದ್ದವರು ಅಕ್ಕ ಮತ್ತು ಭಾವ. ರಾಯದುರ್ಗದಿಂದ ಮಡಕಶಿರಾಕ್ಕೆ ಹೋಗುವಾಗ ಆಂಧ್ರ ಮುಗಿದು ಕರ್ನಾಟಕ ಬರುತ್ತದೆ, ಕರ್ನಾಟಕ ಮುಗಿದು ಮತ್ತೆ ಆಂಧ್ರ ಬರುತ್ತದೆ. ಬಸ್ಸಿನಲ್ಲಿ ಜಗಳ ಕನ್ನಡದಲ್ಲಿ ಶುರುವಾಗಿ ತೆಲುಗಿನಲ್ಲಿ ರಾಜಿಯಾಗುತ್ತದೆ. ದಾರಿಯುದ್ದಕ್ಕೂ ಯಜಮಾನರು ಕಿಟಕಿಯಿಂದ ಬೆಟ್ಟಗಳನ್ನು ತೆಗೆದರು. ಬಸ್ಸು ಕುಲುಕಿದ್ದಕ್ಕೆ ಎಲ್ಲ ಬೆಟ್ಟಗಳೂ ಗಂಜಿಯ ಹಾಗೆ ಬಂದವು.

ಮಾರನೆಯ ಬೆಳಿಗ್ಗೆ ಅಕ್ಕ ಸೊಪ್ಪು ಕೊಯ್ಯಲು ತೋಟಕ್ಕೆ ಹೋದಳು. ಅವಳ ಮನೆಯಲ್ಲಿ ಆಗ ರೇಷ್ಮೆಹುಳು ದೊಡ್ಡವಾಗಿದ್ದವು. ಆ ವಯಸ್ಸಿನ ಹುಳುವಿಗೆ ಎಷ್ಟು ಸೊಪ್ಪು ಹಾಕಿದರೂ ಸಾಲದು. ನಾವಿಬ್ಬರೂ ಮೆಲ್ಲಗೆ ಹಿಂದಿನ ಬಂಡೆ ಹತ್ತಿದೆವು. ಮಂಜು ಇನ್ನೂ ಪೂರ್ತಿ ಎದ್ದಿರಲಿಲ್ಲ. ರತ್ನಗಿರಿಯ ಕೋಟೆಗೋಡೆ ಬೆಟ್ಟದ ಮೇಲೆ ಯಾರೋ ಮಡಿಸಿಟ್ಟು ಮರೆತ ಬಟ್ಟೆಯ ಹಾಗೆ ಕಾಣುತ್ತಿತ್ತು. ಕೆಳಗೆ ತೋಟದಲ್ಲಿ ಮೂರ್ನಾಲ್ಕು ಬಣ್ಣದ ಚುಕ್ಕೆಗಳು. ನಾನು ಗಾಜಿನ ಕತ್ತನ್ನು ಪೂರ್ತಿ ಚಾಚಿಸಿದೆ. ಚಿತ್ರ ನಡುಗತೊಡಗಿತು. ನನ್ನ ಉಸಿರಿಗೇ ಇಡೀ ತೋಟ ಮೇಲೆ ಕೆಳಗೆ ಆಗುತ್ತಿತ್ತು. ಯಜಮಾನರು ಹಿಂದೆ ಕೂತು ನನ್ನ ಎರಡೂ ಮೊಣಕೈಗಳನ್ನು ಹಿಡಿದುಕೊಂಡರು. "ಉಸುರು ಬಿಡಬ್ಯಾಡ" ಎಂದು ಪಿಸುಗುಟ್ಟಿದರು.

ಅಕ್ಕ ಸಿಕ್ಕಳು. ಎರಡೂ ಕೈಗಳ ತುಂಬ ಸೊಪ್ಪಿನ ಕಂತೆ. ಪಕ್ಕದವಳು ಏನೋ ಹೇಳಿದಳು. ಅಕ್ಕ ತಲೆ ಹಿಂದಕ್ಕೆ ಎಸೆದು ನಕ್ಕಳು. ಬಾಯಿ ಮುಚ್ಚಿಕೊಳ್ಳಲು ಕೈ ಖಾಲಿ ಇರಲಿಲ್ಲ. ಸೊಂಟದ ಮೇಲೆ ಕೂತು ನಾನು ನೋಡುತ್ತಿದ್ದ ನಗು, ಅದೇ, ಒಂದು ಎಳೆಯೂ ಕಡಿಮೆಯಿಲ್ಲ. ಒತ್ತಿದೆ.

ಮಧ್ಯಾಹ್ನ ಜಗಲಿಯ ಮೇಲೆ ಅಕ್ಕ ಎಲೆ ಅಡಿಕೆ ಹಾಕಿಕೊಂಡು ಕೂತು, "ಏನೇನು ತೆಗ್ದಿದೀರ, ತೋರ್ಸ್ರಿ" ಎಂದಳು. ಹಸು, ಹುಳುವಿನ ತಟ್ಟೆ, ಭಾವನ ಟವೆಲ್ಲು, ಒಂದೊಂದೇ ತೋರಿಸಿದೆ. ಭಾವ ಪೇಟೆಗೆ ಹೋಗಿದ್ದರಿಂದ ಟವೆಲ್ಲೊಂದೇ ಸಿಕ್ಕಿತ್ತು. ಇನ್ನು ಮುಂದಿನದು ಬೇಡ ಎಂದು ನಾನು ಕೈ ತಡೆಯುವಷ್ಟರಲ್ಲಿ ಯಜಮಾನರು ಉತ್ಸಾಹದಿಂದ ಮುಂದಿನ ಗುಂಡಿ ಒತ್ತಿಬಿಟ್ಟರು.

ಅಕ್ಕ ಎಲೆ ಅಗಿಯುವುದನ್ನು ನಿಲ್ಲಿಸಿದಳು. ಬಹಳ ಹೊತ್ತು ನೋಡಿದಳು.

"ಇದ್ಯಾವಾಗ ತೆಗ್ದೆ?"

"ಬೆಳಿಗ್ಗೆ. ಬಂಡೆ ಮೇಲಿಂದ."

"ನಂಗೆ ಕಾಣ್ದಂಗಾ?"

ನಾನು ಕ್ಯಾಮೆರಾದ ದಾರವನ್ನು ಬೆರಳಿಗೆ ಸುತ್ತಿಕೊಂಡೆ.

"ಅಳಸು" ಎಂದಳು.

"ಭಾಳ ಛಲೋ ಬಂದೈತ್ರಿ ಅಕ್ಕಾ, ಅಳಸಬ್ಯಾಡ್ರಿ" ಎಂದು ಯಜಮಾನರು ಅಂಗಲಾಚಿದರು.

"ಚೆನ್ನಾಗಿ ಬಂದೈತೆ ಅಂತ ನನ್ ಕಣ್ಗೂ ಕಾಣ್ತೈತೆ ಕಣಪ್ಪ." ಅವಳ ದನಿ ಏರಲಿಲ್ಲ. ನನ್ನ ಕಡೆ ತಿರುಗಿದಳು. "ಅವತ್ತು ಅವ್ನು, ನಿನ್ ಮದ್ವೇಲಿ, ನನ್ ಬಾಯ ನನ್ನೇ ಕೇಳ್ದಂಗೆ ಮುಚ್ಚಿಸ್ದ. ಇವತ್ತು ನೀನು ನನ್ನೇ ಕೇಳ್ದಂಗೆ ತೆಗೆಸ್ದೆ. ಏನೇ ವ್ಯತ್ಯಾಸ?"

ಅವಳು ನೋಡುತ್ತಿರುವಂತೆಯೇ ಅಳಿಸಿದೆ. ಪರದೆ ಒಂದು ಕ್ಷಣ ಕಪ್ಪಾಗಿ, ಮತ್ತೆ ಭಾವನ ಟವೆಲ್ಲು ಬಂತು. ಯಜಮಾನರು ಎದ್ದು ಹೋಗಿ ಹಸುವಿನ ಮೈ ಸವರತೊಡಗಿದರು. ಅಕ್ಕ ಒಳಗೆ ಹೋಗಿ ಹುಳುವಿಗೆ ಸೊಪ್ಪು ಹಾಸಿದಳು. ಹುಳುಗಳು ಎಲೆ ತಿನ್ನುವ ಸದ್ದು ಮಳೆ ಬಂದ ಹಾಗೆ ಕೇಳುತ್ತಿತ್ತು.

ಬಿಸಿಲು ಇಳಿದ ಮೇಲೆ ಅವಳೇ ಬಂದು ನನ್ನ ಪಕ್ಕದಲ್ಲಿ ಕೂತಳು. ಕ್ಯಾಮೆರಾವನ್ನು ಎತ್ತಿ ಹಿಂದೆ ಮುಂದೆ ನೋಡಿದಳು. "ಇದ್ರಾಗೆ ಬಸ್ಸು ಕಾಣ್ತೈತಾ?"

ಬಂಡೆ ಹತ್ತಿದೆವು. ಗುಂಡಿ ಎಲ್ಲಿ ಒತ್ತಬೇಕೆಂದು ತೋರಿಸಿದೆ. ರಸ್ತೆ ಅವಳ ಅಂಗೈಗೆ ಬಂತು. "ಅಯ್ಯೋ, ಬೋರ್ಡು! ಬೋರ್ಡಿನ ಅಕ್ಷರ ಕಾಣ್ತೈತೆ ಕಣೇ!" ಎಂದು ಚೀರಿದಳು. ಓದಲು ಬಾರದು ಅವಳಿಗೆ, ಆದರೂ ಅಕ್ಷರಗಳು ಅಲ್ಲಿವೆ ಎಂಬುದೇ ಸಂತೋಷ. ಕೋಟೆಯ ಗೋಡೆಯ ಬಿರುಕಿನಲ್ಲಿ ನಿಂತಿದ್ದ ಮೇಕೆಯನ್ನು ಹುಡುಕಿದಳು. ಮೇಲೆದ್ದ ಚಂದ್ರನನ್ನೂ ತೋರಿಸಿದೆ. "ಇದೇನೇ, ಸಿಡುಬು ಎದ್ದಂಗೈತಲ್ಲೇ ಇವನ ಮುಖ" ಎಂದು ಮರುಕದಿಂದ ಹೇಳಿದಳು.

ಮರುದಿನ ಹೊರಡುವ ಹೊತ್ತಿಗೆ ಕ್ಯಾಮೆರಾ ಅವಳ ಮಡಿಲಲ್ಲಿತ್ತು. ಕೊಡುವ ಲಕ್ಷಣ ಕಾಣಲಿಲ್ಲ. "ನೀವು ಅಲ್ಲಿ ಮಿಷನ್ ಮುಂದೆ ಕೂತ್ಕೊಂಡು ಏನ್ ನೋಡ್ತೀರಾ? ಗ್ವಾಡೆನಾ? ಇಲ್ಲಿರ್ಲಿ ಬುಡು" ಎಂದಳು. ಅದು ಸತ್ಯವೇ ಆಗಿತ್ತು. ಯಜಮಾನರ ಮುಖ ಬಾಡಿತು. ಕ್ಯಾಮೆರಾ ಹೋದರೂ ನೆನಪಿಗಿರಲಿ ಎಂದು ಅದರ ದಾರವನ್ನಾದರೂ ಬಿಚ್ಚಿ ಜೇಬಿಗೆ ಹಾಕಿಕೊಂಡರು.

ಮನೆಯಿಂದ ರಸ್ತೆಗೆ ಹೋಗುವ ಕಾಲುದಾರಿ ಒಂದು ಹೊಂಗೆಮರದ ಹತ್ತಿರ ತಿರುಗುತ್ತದೆ. ತವರಿನಿಂದ ಹೊರಡುವಾಗಲೆಲ್ಲ ನಾನು ಆ ಮರದವರೆಗೆ ತಿರುಗಿ ತಿರುಗಿ ನಗುತ್ತಾ ಕೈ ಬೀಸುತ್ತೇನೆ. ಮರ ದಾಟಿದ ಮೇಲೆ ನನ್ನ ಕೆಲಸ ನಾನು ಮಾಡಿಕೊಳ್ಳುತ್ತೇನೆ. ಅವತ್ತೂ ಹಾಗೇ ಆಯಿತು. ಯಜಮಾನರಿಗೆ ಇದು ರೂಢಿ. ಅವರು ಬ್ಯಾಗು ಹಿಡಿದು ಸ್ವಲ್ಪ ಮುಂದೆ ಹೋಗಿ, ಬೇರೆ ಕಡೆ ನೋಡುತ್ತಾ ನಿಲ್ಲುತ್ತಾರೆ.

ಮತ್ತೆ ಊರಿಗೆ ಹೋಗುವ ಹೊತ್ತಿಗೆ ಬೇಸಿಗೆ ಮುಗಿದು ಶೇಂಗಾ ಬಿತ್ತನೆ ಶುರುವಾಗಿತ್ತು. ಕೈಕಾಲು ತೊಳೆದು ಕೂತೆ. ಅಕ್ಕ ಕ್ಯಾಮೆರಾ ತಂದು ನನ್ನ ಕೈಗಿಟ್ಟು, "ನೋಡು, ನಾನೂ ಕಲ್ತಿದೀನಿ" ಎಂದಳು.

ಬಸ್ಸು. ಬಸ್ಸು. ಮೇಕೆ. ಮಸುಕಾದ ಚಂದ್ರ. ಮತ್ತೆ ಬಸ್ಸು. ಹಿಂದಕ್ಕೆ ಒತ್ತುತ್ತಾ ಹೋದೆ. ತೀರ ಹಿಂದೆ, ಅವಳು ತೆಗೆದ ಮೊದಲನೆಯ ಚಿತ್ರಗಳಲ್ಲಿ, ಒಂದು ಕಾಲುದಾರಿ. ಅದರಲ್ಲಿ ಒಬ್ಬ ಹೆಂಗಸಿನ ಬೆನ್ನು. ಹಸಿರು ಸೀರೆ, ನನ್ನದೇ. ನನ್ನ ಬೆನ್ನನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಒಂದು ಭುಜ ಸ್ವಲ್ಪ ಕೆಳಗಿತ್ತು, ಮಿಷನ್ನಿನ ಮುಂದೆ ಬಗ್ಗಿ ಬಗ್ಗಿ ಹಾಗಾಗಿರಬೇಕು. ಮುಂದಿನದರಲ್ಲಿ ಹೊಂಗೆಮರ. ಅದರ ಮುಂದಿನದು ಮರದ ಆಚೆಗಿನದು. ಬಂಡೆಯ ಎತ್ತರದಿಂದ ಆ ತಿರುವಿನಾಚೆಯೂ ಕಾಣುತ್ತದೆಂಬುದು ನನಗೆ ಮರೆತೇಹೋಗಿತ್ತು. ಅಲ್ಲಿ ನಾನು ದಾರಿಯ ಮಧ್ಯೆ ನಿಂತು, ಸೆರಗನ್ನು ಮುಖಕ್ಕೆ ಒತ್ತಿಕೊಂಡಿದ್ದೆ. ಚಿತ್ರ ಅಲುಗಾಡಿತ್ತು. ಆದರೂ ಯಾರೆಂದು, ಏನು ಮಾಡುತ್ತಿದ್ದಾಳೆಂದು ತಿಳಿಯುತ್ತಿತ್ತು.

ನಾನು ತಲೆ ಎತ್ತಲಿಲ್ಲ.

"ಪ್ರತಿ ಸಲಾನೂ ಇಂಗೇನಾ?" ಅಕ್ಕ ಕೇಳಿದಳು.

ಹೂಂ ಎಂದೆ.

"ನಾನು, ನೀನು ನಕ್ಕೊಂಡು ಹೋಗ್ತೀಯ ಅಂತ ತಿಳ್ಕೊಂಡಿದ್ದೆ ಇಷ್ಟು ವರ್ಷ. ಗಂಡನ ಮನೇಲಿ ಸುಖವಾಗವ್ಳೆ, ಇಲ್ಲಿ ಬಂದ್ರೂ ಒಂದೇ, ಹೋದ್ರೂ ಒಂದೇ ಅಂತ." ಕ್ಯಾಮೆರಾದ ಕಡೆ ಬೆರಳು ತೋರಿಸಿ ಹೇಳಿದಳು, "ನಾನೂ ಕೇಳ್ದೆ ತೆಗ್ದೆ ನೋಡು. ಅಳಸೋದಾದ್ರೆ ಅಳಸು. ನಾನೇನೂ ಅನ್ನಲ್ಲ."

"ಇರ್ಲಿ" ಎಂದೆ.

"ನಿಂದು ಅಳ್ಸಿಸಿ ನಾನು ಮಾತ್ರ ಇಟ್ಕಂಡ್ರೆ ಚೆನ್ನಾಗಿರಲ್ಲ ಕಣೇ."

"ಇರ್ಲಿ ಬಿಡೇ ಅಕ್ಕಾ."

ಅವಳು ಎದ್ದು ಬಚ್ಚಲಿಗೆ ಹೋದಳು. ಮುಖ ತೊಳೆದ ಸದ್ದು ಕೇಳಿಸಿತು. ಉಟ್ಟ ಸೀರೆಯಲ್ಲೇ ಹೊರಗೆ ಬಂದು, ಅಂಗಳದ ಗೋಡೆಗೆ ಒರಗಿ ನಿಂತಳು. ನನಗೆ ತಿಳಿಯಲು ಒಂದು ಗಳಿಗೆ ಬೇಕಾಯಿತು. ತಿಳಿದ ಕೂಡಲೇ ಕ್ಯಾಮೆರಾ ಹಿಡಿದು ಹಿಂದೆ ಹಿಂದೆ ಸರಿದೆ, ಹಸು ಕಟ್ಟುವ ಗೂಟದವರೆಗೂ ಹೋಗಿ ನಿಂತು, ಗಾಜಿನ ಕತ್ತು ಚಾಚಿಸಿದೆ.

"ಅಲ್ಲಿಗ್ಯಾಕೆ ಹೋದೆ? ನಾನೇನು ಓಡೋಗ್ತೀನಾ?" ಎಂದಳು ಅಕ್ಕ. "ಹತ್ರ ಬಾರೆ."

ಹತ್ತಿರ ಹೋದೆ. ಅವಳ ಉಸಿರಿನ ಎಲೆ ಅಡಿಕೆಯ ವಾಸನೆ ಬರುವಷ್ಟು ಹತ್ತಿರ. ಅವಳ ಕೈ ಸೆರಗು ಹಿಡಿದು ಬಾಯಿಯ ಕಡೆ ಹೊರಟಿತು. ಅರ್ಧಕ್ಕೆ ನಿಂತಿತು. ಎಲ್ಲಿಡಬೇಕೆಂದು ತಿಳಿಯದೆ ಗಾಳಿಯಲ್ಲಿ ತಡವರಿಸಿ, ಕೊನೆಗೆ ನನ್ನ ತೋಳಿನ ಮೇಲೆ ಕೂತಿತು.

"ತೆಗೀಲೇನೆ ಅಕ್ಕಾ?" ಎಂದು ಕೇಳಿದೆ.

"ತೆಗಿ ಮತ್ತೆ" ಎಂದು ನಕ್ಕಳು.